ಮೊಗೆಕಾಯಿಗೆ ತೋರಿದ ಬೆರಳು

ಡಿಸೆಂಬರ್ ೧೨, ಗುರುವಾರ

ನಿವೃತ್ತಿಯಾಗಿ ಎಂಟು ತಿಂಗಳಾಯಿತು. ಮೂವತ್ತೊಂದು ವರ್ಷ ಭಟ್ಕಳ–ಕುಮಟಾ ಗಾಡಿಯಲ್ಲಿ ಕಂಡಕ್ಟರ್ ಆಗಿದ್ದವನಿಗೆ ಮಂಕಿಯ ಮನೆಯ ಜಗುಲಿಯಲ್ಲಿ ಕೂತು ಏನು ಮಾಡಬೇಕೆಂದು ಇನ್ನೂ ಗೊತ್ತಾಗಿಲ್ಲ. ಅದಕ್ಕೇ ಈ ಬರೆಯುವ ಚಾಳಿ. ಮರೆತುಹೋಗುತ್ತದೆ ಎಂದಲ್ಲ; ನಾನು ಯಾವುದನ್ನೂ ಮರೆಯುವವನಲ್ಲ. ನಾಳೆ ಯಾರಾದರೂ "ನಾನು ಹಾಗೆ ಹೇಳಲೇ ಇಲ್ಲ" ಎಂದರೆ ತಾರೀಖು ಸಮೇತ ಇರಲಿ ಎಂದು.

ಇವತ್ತು ಮಾಲತಿ ಹೊನ್ನಾವರದಿಂದ ಹೊಸ ಕನ್ನಡಕ ಹಾಕಿಕೊಂಡು ಬಂದಳು. ಮದುವೆಯಾಗಿ ಮೂವತ್ತನಾಲ್ಕು ವರ್ಷ. ಒಂದು ಹೇರ್‌ಪಿನ್ ಬೇಕಿದ್ದರೂ ನನ್ನ ಕೇಳಿಯೇ ತರುತ್ತಿದ್ದವಳು.

"ಯಾವಾಗ ಮಾಡಿಸ್ದೆ?" ಎಂದೆ.

"ಹೋದ ವಾರ ಕಣ್ಣು ತೋರಿಸಿ ಬಂದಿದ್ದೆ."

"ದುಡ್ಡು?"

"ಹಿತ್ತಲ ದುಡ್ಡು" ಎಂದು ಹೇಳಿ ಒಳಗೆ ಹೋದಳು. ನಾನು ಇನ್ನೊಂದು ಪ್ರಶ್ನೆ ಕೇಳುವಷ್ಟರಲ್ಲಿ ಮಿಕ್ಸಿ ಶುರು ಮಾಡಿದಳು. ಬೇಕೆಂದೇ.

ನಾನು ಡ್ಯೂಟಿಯಲ್ಲಿದ್ದಾಗಲೇ ಈ ಊರಿನ ಹನ್ನೊಂದು ಮನೆಯ ಹೆಂಗಸರು ಸೇರಿ ಹಿತ್ತಲ ಸಂಘ ಅಂತ ಒಂದು ಕಟ್ಟಿಕೊಂಡಿದ್ದಾರೆ. ಹಿತ್ತಲಲ್ಲಿ ಹರಿವೆ, ಬಸಳೆ, ಸೌತೆಯ ಜಾತಿಯ ಮೊಗೆಕಾಯಿ, ಸೋರೆ ಬೆಳೆಯುವುದು, ಮನೆ ಖರ್ಚಿಗೆ ಇಟ್ಟು ಉಳಿದದ್ದನ್ನು ಒಟ್ಟು ಮಾಡಿ ಪೇಟೆಗೆ ಕಳಿಸುವುದು. ಮಂಗಳವಾರ ಬಂಗಾರಿ ಎಂಬವಳು ಮನೆಮನೆಗೆ ಬಂದು ಮಾರುವ ಹದಕ್ಕೆ ಬಂದ ಕಾಯಿ ಆರಿಸಿ ಕೊಯ್ಯುತ್ತಾಳೆ. ಬುಧವಾರ ಹೊನ್ನಾವರದಲ್ಲಿ ಕೂತು ಮಾರುತ್ತಾಳೆ. ಮಾರಿದ್ದಕ್ಕೆ ಅವಳಿಗೂ ಒಂದು ಪಾಲು. ಎಲ್ಲ ಕೇಳಲಿಕ್ಕೆ ಚೆಂದ. ಆದರೆ ಯಾರದೋ ಹಿತ್ತಲಿಗೆ ನುಗ್ಗಿ ಯಾರೋ ಕೊಯ್ದುಕೊಂಡು ಹೋಗುವಾಗ ಹೇಳುವವರು ಕೇಳುವವರು ಬೇಡವೇ? ಟಿಕೆಟ್ ತೆಗೆಯದವನ ಮುಖ ನನಗೆ ಹತ್ತು ಸೀಟಿನಾಚೆಯಿಂದ ಗೊತ್ತಾಗುತ್ತದೆ. ಈ ಸಂಘದಲ್ಲಿ ಅಂಥ ಮುಖ ಒಂದಾದರೂ ಇದ್ದೇ ಇರಬೇಕು.

ಡಿಸೆಂಬರ್ ೧೩

ಬೆಳಿಗ್ಗೆ ಎದ್ದವನೇ ಮಾಲತಿಯ ಹಿತ್ತಲಿಗೆ ಹೋಗಿ ಎಣಿಸಿದೆ. ಮೊಗೆಕಾಯಿ ಎಳೆಯದು ಬಲಿತದ್ದು ಸೇರಿ ಇಪ್ಪತ್ತಾರು. ಸೋರೆ ಐದು. ಹೀರೆ ಹದಿಮೂರು. ಇನ್ನು ದಿನಾ ಎಣಿಸುವುದು. ಮಂಗಳವಾರ ಎಷ್ಟು ಹೋಯಿತು, ಬುಧವಾರ ಎಷ್ಟು ಉಳಿಯಿತು, ನೋಡಿಯೇ ಬಿಡುವ.

ಡಿಸೆಂಬರ್ ೧೭, ಮಂಗಳವಾರ

ಬಂಗಾರಿ ಬಂದಿದ್ದಳು. ಗದ್ದೆಯಂಚಿನ ಮನೆಯವಳು. ಗಂಡ ಮಾಬ್ಲ ಎರಡು ವರ್ಷದ ಹಿಂದೆ ತೆಂಗಿನಮರದಿಂದ ಬಿದ್ದು ಸೊಂಟ ಹೋಗಿ ಮಲಗಿದ್ದಾನೆ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಲೇ ಇದ್ದೆ. ಎಲೆ ಎತ್ತಿ ಎತ್ತಿ ನೋಡುತ್ತಾಳೆ, ತಟ್ಟಿ ನೋಡುತ್ತಾಳೆ, ತನ್ನಷ್ಟಕ್ಕೆ ಏನೋ ಗುಣುಗುಡುತ್ತಾಳೆ. ಹಾಡೋ ಮಂತ್ರವೋ ಯಾರಿಗೆ ಗೊತ್ತು. ಒಂಬತ್ತು ಮೊಗೆಕಾಯಿ ಕೊಯ್ದಳು. ಮಾಲತಿಗೂ ಒಂಬತ್ತು ಎಂದೇ ಹೇಳಿದಳು. ಸರಿಹೋಯಿತು. ಸರಿಹೋದದ್ದೇ ನನಗೆ ಸರಿಹೋಗಲಿಲ್ಲ. ನಾನು ಕಿಟಕಿಯಲ್ಲಿ ನಿಂತದ್ದು ಅವಳಿಗೆ ಗೊತ್ತಿರಬೇಕು.

ಡಿಸೆಂಬರ್ ೧೯

ಬೇರೆಯವರ ಮನೆಯಿಂದಲೂ ನಮ್ಮಷ್ಟೇ ಕೊಯ್ಯುತ್ತಾಳೋ, ನಮ್ಮಲ್ಲಿ ಮಾತ್ರ ಜಾಸ್ತಿ ಎಳೆಯುತ್ತಾಳೋ? ಅದನ್ನು ತಿಳಿಯದೆ ಬಿಡುವುದಾದರೂ ಹೇಗೆ. ವಾಕಿಂಗ್ ನೆವದಲ್ಲಿ ಹೊರಟು ಹನ್ನೊಂದೂ ಹಿತ್ತಲನ್ನು ಬೇಲಿಯಾಚೆಯಿಂದ ಎಣಿಸಿ ಬಂದೆ. ಎರಡು ದಿನದ ಕೆಲಸವಾಯಿತು. ಕಲ್ಪನಾಳ ಮನೆ ಸೋರೆ ಎಂಟು. ವಿನುತಾಳ ಪಡವಲ ಹದಿನಾಲ್ಕು. ಸಂಘದ ಅಧ್ಯಕ್ಷೆ ಮೂಕಾಂಬಿಕಾಳ ಚಪ್ಪರ ಎಲ್ಲಕ್ಕಿಂತ ದೊಡ್ಡದು, ಹೀರೆಯೇ ಮೂವತ್ತೊಂದು. ಅಧ್ಯಕ್ಷೆಯ ಚಪ್ಪರವೇ ದೊಡ್ಡದಿರುವುದು ಯಾಕೆ ಎಂಬುದೂ ಒಂದು ಪ್ರಶ್ನೆ.

ಅವಳ ನಾಯಿ ನನ್ನ ನೋಡಿ ಬೊಗಳಿತು. "ಯಾರದು?" ಎಂದಳು ಒಳಗಿಂದ. "ನಾನೇ, ಗಾಳಿಗೆ ಬಂದದ್ದು" ಎಂದು ಮುಂದೆ ಹೋದೆ.

ಡಿಸೆಂಬರ್ ೨೫

ನಿನ್ನೆ ಬಂಗಾರಿ ಬಂದು ಕೊಯ್ದು ಹೋದಳು. ಇವತ್ತು ನೋಡುತ್ತೇನೆ, ಆರು ಎಳೆ ಮೊಗೆಕಾಯಿ ತುದಿಯಿಂದ ಹಳದಿಯಾಗಿ ಮೆತ್ತಗಾಗಿದೆ. ಒಂದನ್ನು ಒಡೆದರೆ ಒಳಗೆ ಹುಳ, ನೀರು, ನಾತ. ಮಾಲತಿ ಸೆರಗು ಮೂಗಿಗೆ ಹಿಡಿದುಕೊಂಡು ನಿಂತಳು. ಧಾರೇಶ್ವರದ ತವರಿನಿಂದ ತಂದ ಬೀಜ ಅದು.

 ನಾನೇ ಮನಸ್ಸಿನಲ್ಲಿ ತಾರೀಖು ಕೂಡಿಸಿದೆ. ಮಂಗಳವಾರ ಬಂದಳು, ಬುಧವಾರ ಕೊಳೆಯಿತು.

ಡಿಸೆಂಬರ್ ೨೭

ರೇಷನ್ ಅಂಗಡಿಯ ಸಾಲಿನಲ್ಲಿ ಮೂಕಾಂಬಿಕಾ ಸಿಕ್ಕಿದಳು. ಅವಳ ಹೀರೆಯೂ ಕೆಡಲಿಕ್ಕೆ ಶುರುವಾಗಿದೆಯಂತೆ.

"ದೇವರಾಜಣ್ಣ, ಎಂತ ಆತು ಅಂತಲೇ ತಿಳೂದಿಲ್ಲ" ಎಂದಳು. "ಬೂದಿ ಹಾಕ್ದೆ, ಗೋಮೂತ್ರ ಹೊಡ್ದೆ."

"ಬೂದಿ ಹಾಕಿ ಎಂತ ಮಾಡ್ತೆ?" ಎಂದೆ. "ಯಾರು ಬಂದು ಹೋದ ಮರುದಿನ ಕೆಡ್ತದೆ ನೋಡು. ಎಲ್ಲರ ಮನೆ ಹಿತ್ತಲಿಗೂ ಕಾಲಿಡುವವಳು ಒಬ್ಳೇ ಅಲ್ದಾ?"

ಅವಳು ಚೀಲ ಕೆಳಗಿಟ್ಟು ನನ್ನ ಮುಖ ನೋಡಿದಳು. "ಬಂಗಾರಿಯಾ?"

"ನಾನು ಯಾರ ಹೆಸರೂ ಹೇಳ್ಲಿಲ್ಲ" ಎಂದೆ. ಹೇಳಲಿಲ್ಲ, ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಆದರೆ ಹೆಸರು ಅವಳ ಬಾಯಿಂದ ಬಂದಾಗ ಹೌದೆಂದು ತಲೆ ಆಡಿಸಿದೆ. ಅದೂ ನಿಜ.

ಜನವರಿ ೨

ಊರಿಗೆ ಊರೇ ಹೇಳುತ್ತಿದೆ. ಬಂಗಾರಿಯ ಕಣ್ಣು ಸರಿಯಿಲ್ಲ, ಮಲಗಿದ ಗಂಡನ ಸಂಕಟ ಹೊಟ್ಟೆಯಲ್ಲಿಟ್ಟುಕೊಂಡು ಕಂಡವರ ಹಿತ್ತಲು ನೋಡಿದರೆ ಇನ್ನೇನಾಗುತ್ತದೆ, ಎಂದೆಲ್ಲ. ಏಳು ಮನೆಗಳಲ್ಲಿ ಕಾಯಿ ಕೊಳೆತಿದೆ. ನಾನು ಮೊದಲೇ ಹೇಳಿದ್ದೆ ಎಂದು ಒಳಗೊಳಗೇ ಹೆಮ್ಮೆಯಾಯಿತು.

ಇನ್ನೊಂದು ಸಂಗತಿ. ಮೂಕಾಂಬಿಕಾಳ ಚಪ್ಪರದಲ್ಲಿ ಹಳದಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ನೇತಾಡುತ್ತಿದೆ, ಬದಿಯಲ್ಲಿ ತೂತು. ಕ್ಯಾಮೆರಾ! ಯಾರೋ ಬೇಲಿ ಹತ್ತಿರ ಸುಳಿಯುತ್ತಾರೆಂದು ಗುಮಾನಿ ಬಂದು ಹಾಕಿಸಿದ್ದಾಳೆ. ನಾನು ಶರಟಿನ ಗುಂಡಿ ಹಾಕಿಕೊಂಡು, ತಲೆ ಬಾಚಿಕೊಂಡವನ ಹಾಗೆ ನೆಟ್ಟಗೆ ನಡೆದು ಬಂದೆ.

ಜನವರಿ ೩

ಕ್ಯಾಮೆರಾ ಅಲ್ಲ. ನೊಣ ಹಿಡಿಯುವ ಡಬ್ಬಿಯಂತೆ. ಇವತ್ತು ನಮ್ಮ ಹಿತ್ತಲಿಗೂ ಎರಡು ಬಂತು. ಸಂಘಕ್ಕೆ ತರಬೇತಿ ಕೊಡಲು ಕುಮಟಾದಿಂದ ಬರುವ ಕೃಷ್ಣಾನಂದ ಎಂಬ ಹುಡುಗುಮೋರೆಯ ಆಸಾಮಿ ಕಟ್ಟಿ ಹೋದ. ಹಣ್ಣುನೊಣ ಎಳೆ ಕಾಯಿಗೆ ಸೂಜಿ ಚುಚ್ಚಿದ ಹಾಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಅದರಿಂದ ಹುಳವಾಗಿ ಕೊಳೆಯುತ್ತದೆ, ಕೆಟ್ಟ ಕಾಯಿ ಹೊಲದಲ್ಲಿ ಬಿಡದೆ ಹೂಳಬೇಕು, ಡಬ್ಬಿಯಿಂದ ಕಡಿಮೆಯಾಗಲು ಮೂರು ನಾಲ್ಕು ವಾರ ಬೇಕು ಎಂದ. ಡಬ್ಬಿಯ ಕಂಪನಿಯಿಂದ ಇವನಿಗೆಷ್ಟು ಸಿಗುತ್ತದೋ ಎಂದುಕೊಂಡೆ. ಕೇಳಿದೆ ಕೂಡ. ಅವನು ನಕ್ಕು, ಖಾಲಿ ನೀರಿನ ಬಾಟಲಿಯಲ್ಲೂ ಮಾಡಬಹುದು, ಕಲಿಸಿಕೊಡಲೇ ಎಂದ. ಬಾಟಲಿಯೊಂದಿಗೆ ಅರ್ಧ ಗಂಟೆ ಹೋಯಿತು. ಮಾಡುವುದು ಕಷ್ಟವೇನಿಲ್ಲ.

ಜನವರಿ ೬, ಸೋಮವಾರ

ಬೆಳಿಗ್ಗೆ ಎಣಿಸುತ್ತಿದ್ದೆ. ಹಿಂದಿನಿಂದ ಮಾಲತಿ ಕೂಗಿದಳು, ಕೊಡಪಾನ ಕೈಜಾರಿ ಬೀಳುವಷ್ಟು ಜೋರಾಗಿ.

"ಹೋಯ್! ಬೆರಳು ಮಡಚಿ! ಎಳೇ ಕಾಯಿಗೆ ಬೆರಳು ತೋರಿಸ್ತ್ರಾ? ಬುದ್ಧಿ ಎಲ್ಲಿಟ್ಟಿದ್ರಿ?"

ನೋಡಿಕೊಂಡೆ. ನನ್ನ ಬಲಗೈ ತೋರುಬೆರಳು ಒಂದು ಎಳೆ ಮೊಗೆಕಾಯಿಯ ಎದುರು ನೇರ ನಿಂತಿತ್ತು.

ಎಳೆಗಾಯಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ, ತೋರಿಸಲೇಬೇಕಿದ್ದರೆ ಮುಷ್ಟಿ ಹಿಡಿದು ತೋರಿಸಬೇಕು. ಇದು ಈ ಸೀಮೆಯಲ್ಲಿ ಮಾತು ಬರುವ ಮೊದಲೇ ಮಕ್ಕಳಿಗೆ ಬರುತ್ತದೆ. ಚಿಕ್ಕವನಿದ್ದಾಗ ಕುಂಬಳದ ಹೀಚಿಗೆ ತೋರಿಸಿ ಅಬ್ಬೆಯಿಂದ ಕೈಗೆ ಹೊಡೆತ ತಿಂದದ್ದು ನೆನಪಿದೆ. ಆದರೆ ಮೂವತ್ತೊಂದು ವರ್ಷ ಬಸ್ಸಿನಲ್ಲಿ ತಲೆ ಎಣಿಸಿ ಎಣಿಸಿ, ಬಾಯಲ್ಲಿ ಒಂದು ಎಂದರೆ ಬೆರಳು ತಾನೇ ಎದ್ದು ನಿಲ್ಲುತ್ತದೆ. ನನಗೇ ಗೊತ್ತಾಗುವುದಿಲ್ಲ.

"ದಿನಾ ಹೀಗೇ ಎಣಿಸ್ತ್ರಾ?" ಎಂದಳು.

"ಇಲ್ಲ, ಇವತ್ತೇ" ಎಂದೆ.

ಸುಳ್ಳು. ದಿನಾ ಹೀಗೇ. ಹನ್ನೊಂದು ಹಿತ್ತಲಲ್ಲೂ ಹೀಗೇ. ಮೂವತ್ತೊಂದು ವರ್ಷ ಬೆರಳು ತೋರಿಸಿದೆ, ಒಬ್ಬ ಪ್ರಯಾಣಿಕನೂ ಕೊಳೆತಿಲ್ಲ ಎಂದು ತಮಾಷೆ ಮಾಡಿಕೊಳ್ಳಲು ನೋಡಿದೆ. ನಗು ಬರಲಿಲ್ಲ.

ಜನವರಿ ೭

ಬಂಗಾರಿ ಕೊಯ್ಯಲು ಬಂದಾಗ ಮಾಲತಿ ಅವಳ ಜೊತೆಯಲ್ಲೇ ಬಳ್ಳಿ ಬಳ್ಳಿಗೂ ಓಡಾಡಿದಳು. ಹಿಂದೆಲ್ಲ ಒಳಗೆ ಚಾ ಕಾಯಿಸುತ್ತಿದ್ದವಳು. ಬಂಗಾರಿಗೂ ತಿಳಿಯಿತು. ಇವತ್ತು ಗುಣುಗುಡಲಿಲ್ಲ. ನಾಲ್ಕೇ ಕಾಯಿ ಸಿಕ್ಕಿತು.

ನಾನು ನಂಬುವವನಲ್ಲ, ಚೆಕ್ ಮಾಡುವವನು. ಆರು ಹೀಚು ಆರಿಸಿದೆ. ಮೂರಕ್ಕೆ ಕೆಂಪು ನೂಲು ಕಟ್ಟಿದೆ, ಅವಕ್ಕೆ ದಿನಾ ಬೆಳಿಗ್ಗೆ ಬೇಕೆಂದೇ ಬೆರಳು ತೋರಿಸುವುದು. ಬಿಳಿ ನೂಲಿನ ಮೂರರ ಹತ್ತಿರ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆಯುವುದು.

ಜನವರಿ ೧೩

ಕೆಂಪು ನೂಲಿನಲ್ಲಿ ಎರಡು ಕೊಳೆಯಿತು. ಬಿಳಿ ನೂಲಿನಲ್ಲೂ ಎರಡು. ಡಬ್ಬಿಯಲ್ಲಿ ಮಾತ್ರ ನೊಣ ಒಂದು ಮುಷ್ಟಿ ಸತ್ತು ಬಿದ್ದಿದೆ. ಆ ಕೃಷ್ಣಾನಂದ ಹೇಳಿದ್ದೇ ಸರಿ. ಬೆರಳಲ್ಲ, ಕಣ್ಣಲ್ಲ, ನೊಣ.

ಮೂಕಾಂಬಿಕಾಳ ಮನೆಗೆ ಓಡಿದೆ. ಡಬ್ಬಿಯನ್ನೇ ಕೈಯಲ್ಲಿ ಹಿಡಿದು ಹೋದೆ. ಕಲ್ಪನಾಳೂ ಇದ್ದಳು.

"ನೊಣ ಎಂತ ಈ ವರ್ಷ ಹುಟ್ಟಿದ್ದಾ ದೇವರಾಜಣ್ಣ?" ಎಂದಳು ಮೂಕಾಂಬಿಕಾ. "ನಮ್ಮ ಅತ್ತೆಯವರ ಕಾಲದಿಂದ ನೊಣ ಅದೆ. ಹೀಗೆ ಊರೆಲ್ಲ ಕೊಳೆತದ್ದು ಯಾವಾಗ?"

"ಹಂಗಲ್ಲ, ನಾನು ನೂಲು ಕಟ್ಟಿ ನೋಡ್ದೆ..."

"ನೀವೇ ಅಲ್ದಾ ಮೊದ್ಲು ಹೇಳಿದ್ದು?"

ಡಬ್ಬಿ ಹಿಡಿದುಕೊಂಡು ಹಾಗೆಯೇ ಮನೆಗೆ ಬಂದೆ. ಬರುವ ಸೋಮವಾರ ಮೀಟಿಂಗು. ಬಂಗಾರಿ ಇನ್ನು ಯಾರ ಹಿತ್ತಲಿಗೂ ಬರುವುದು ಬೇಡ, ಪೇಟೆಗೂ ಕಲ್ಪನಾಳೇ ಹೋಗಲಿ ಎಂದು ನಿರ್ಣಯ ಮಾಡುತ್ತಾರಂತೆ. ಬಂಗಾರಿಯ ಮನೆಗೆ ಹಿತ್ತಲೇ ಇಲ್ಲ, ಒಂದು ಬಸಳೆ ಚಪ್ಪರ ಬಿಟ್ಟರೆ. ಅವಳ ಅಕ್ಕಿ, ಮಾಬ್ಲನ ಔಷಧಿ ಎಲ್ಲ ಈ ಬುಧವಾರದಿಂದಲೇ.

ಸಂಜೆ ಬಸಳೆಗೆ ನೀರು ಹಾಕಿದೆ. ಮಾಲತಿಗೆ ಸೊಂಟ ನೋವು.

ಜನವರಿ ೧೫, ಬುಧವಾರ

ಅವಳಲ್ಲಿ ಏನಾದರೂ ಒಂದು ತಪ್ಪು ಸಿಗಲಿ, ಎಂತಾದರೂ ಒಂದು ಮೋಸ, ಆಗ ನನ್ನ ಎದೆ ಹಗುರವಾಗುತ್ತದೆ ಎಂದು ಹೊನ್ನಾವರಕ್ಕೆ ಹೋದೆ. ಬರೆಯಲು ನಾಚಿಕೆಯಾಗುತ್ತದೆ. ಆದರೆ ಹೋದದ್ದು ಅದಕ್ಕೇ.

ಪೇಟೆಯಲ್ಲಿ ಸುಲಿಯದ ತೆಂಗಿನಕಾಯಿಯ ರಾಶಿಯ ಹಿಂದೆ ನಿಂತು ಎರಡು ತಾಸು ನೋಡಿದೆ. ಅವಳು ಪ್ರತಿಯೊಂದು ಕಾಯಿಯನ್ನೂ ಮನೆಯ ಹೆಸರು ಹೇಳಿ ಮಾರುತ್ತಾಳೆ. "ಇದು ನಮ್ಮ ಮಾಲತಕ್ಕನ ಹಿತ್ತಲದು, ಬೂದಿ ಸಗಣಿ ಬಿಟ್ಟು ಬೇರೆ ಎಂತದೂ ಮುಟ್ಟಿಸಿದ್ದಲ್ಲ. ಹುಳಿ ಮಾಡಿ, ನಾಳೆ ಬಂದು ಹೇಳಿ." ಕೊಂಕಣಿಯವರ ಹತ್ತಿರ ಕೊಂಕಣಿ. ಭಟ್ಕಳದ ಕಡೆಯ ಒಬ್ಬ ಸಾಹೇಬರ ಹತ್ತಿರ ಅವರ ಮಾತು. ಅವಳ ಎದುರು ಕಾಯಿ ಕಡಿಮೆ ಇತ್ತು. ಕೇಳಿ ಬಂದವರಿಗೆ "ಈ ಸಲ ಸ್ವಲ್ಪ ಕಡ್ಮೆ, ಮುಂದಿನ ವಾರ ತರ್ತೆ" ಎನ್ನುತ್ತಿದ್ದಳು. ಊರಿನಲ್ಲಿ ತನ್ನ ಹೆಸರು ಹೇಳಿ ಏನು ನಡೆಯುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಆದರೂ ಮಾಲತಕ್ಕನ ಹಿತ್ತಲು, ಕಲ್ಪನಕ್ಕನ ಹಿತ್ತಲು ಎಂದೇ ಹೇಳುತ್ತಿದ್ದಳು.

"ಕಂಡಕ್ಟರಣ್ಣ" ಎಂದಳು ತಲೆ ಎತ್ತದೆ, "ತೆಂಗಿನಕಾಯಿ ಹಿಂದೆ ಎಷ್ಟು ಹೊತ್ತು ನಿಲ್ತ್ರಿ? ಬಿಸಿಲದೆ, ಈಚೆ ಬನ್ನಿ."

ಔಷಧಿ ತೆಗೆದುಕೊಳ್ಳಲು ಬಂದೆ ಎಂದೆ. "ಹೌದಾ" ಎಂದಳು, ಅಷ್ಟೇ.

ವಾಪಸು ಇಬ್ಬರೂ ಒಂದೇ ಬಸ್ಸು. ಅವಳು ಖಾಲಿ ಬುಟ್ಟಿ ಕಾಲ ಹತ್ತಿರ ಇಟ್ಟುಕೊಂಡು ಮೂವರು ಕೂರುವ ಸೀಟಿನಲ್ಲಿ ಕೂತಳು. ಕಾಸರಕೋಡಿನಲ್ಲಿ ಅವಳ ಪಕ್ಕ ಬಿಟ್ಟು ಬೇರೆ ಸೀಟೆಲ್ಲ ತುಂಬಿತು. ನಮ್ಮ ಊರಿನ ನಾಲ್ಕು ಹೆಂಗಸರು ಹತ್ತಿದರು. ನಾಲ್ವರೂ ನಿಂತೇ ಬಂದರು, ಕಂಬಿ ಹಿಡಿದುಕೊಂಡು, ಜೋಲಿ ಹೊಡೆಯುತ್ತ. ಅವಳ ಪಕ್ಕದ ಎರಡು ಜಾಗ ಮಂಕಿಯವರೆಗೆ ಖಾಲಿ. ಹುಡುಗ ಕಂಡಕ್ಟರು "ಸೀಟಿದೆ, ಕೂತ್ಕಳ್ರಿ" ಎಂದು ಎರಡು ಸಲ ಹೇಳಿದ. ನಾನು ಹಿಂದಿನ ಸೀಟಿನಲ್ಲಿದ್ದೆ. ಎದ್ದು ಹೋಗಿ ಅಲ್ಲಿ ಕೂರಬಹುದಿತ್ತು. ಕೂರಲಿಲ್ಲ.

ಜನವರಿ ೧೬

ಇವತ್ತು ಎಣಿಸಲಿಲ್ಲ.

ಜನವರಿ ೧೮

ಮಾಲತಿಗೆ ಹೇಳಿಬಿಟ್ಟೆ. ಬೆರಳಿನ ಸಂಗತಿಯನ್ನೂ, ರೇಷನ್ ಅಂಗಡಿಯ ಸಂಗತಿಯನ್ನೂ. ಅವಳು ಅಕ್ಕಿ ಆರಿಸುತ್ತಿದ್ದಳು. ಆರಿಸುವುದನ್ನು ನಿಲ್ಲಿಸಲಿಲ್ಲ.

"ಹನ್ನೊಂದು ಮನೆ ಎಂತಕೆ ಎಣಿಸಿದ್ರಿ?"

"ಮೋಸ ಅದೆ ಅಂದ್ಕಂಡೆ."

"ಯಾರ ಮೇಲೆ ಅನುಮಾನ? ಬಂಗಾರಿ ಮೇಲಾ, ನನ್ನ ಮೇಲಾ?"

 ಕನ್ನಡಕದ ದಿನದಿಂದಲೇ ಶುರುವಾದದ್ದು ಎಂದು ಅವಳಿಗೆ ಹೇಳದೆಯೂ ಗೊತ್ತಾಯಿತು. ನನ್ನ ಕೇಳದೆ ಅವಳೊಂದು ವಸ್ತು ತಂದಳಲ್ಲ ಎಂಬ ಉರಿ ಅದು. ಕಳ್ಳರನ್ನು ನಾನು ಆಮೇಲೆ ಹುಡುಕಲು ಹೊರಟದ್ದು.

"ನೊಣ ಅಂತ ಹೇಳಿದ್ರೆ ಯಾರೂ ನಂಬೂದಿಲ್ಲ" ಎಂದೆ.

"ನೊಣದ ಮಾತು ಯಾರು ಕೇಳ್ತ್ರು? ಬೆರಳಿನ ಮಾತು ಹೇಳಿ, ಕೇಳ್ತ್ರು" ಎಂದಳು. ಮೊರ ಎತ್ತಿಕೊಂಡು ಎದ್ದು ಹೋದಳು.

ಹನ್ನೊಂದು ಮನೆಯ ಹೆಂಗಸರ ನಡುವೆ ನಿಂತು, ಈ ವಯಸ್ಸಿನಲ್ಲಿ, ನಾನು ಬೇಲಿ ಬೇಲಿ ಇಣುಕಿದೆ ಎಂದು ಹೇಳಬೇಕು. ಮಂಕಿಯಿಂದ ಮುರುಡೇಶ್ವರದವರೆಗೆ ಜನ ನಗುತ್ತಾರೆ.

ಜನವರಿ ೨೦, ಸೋಮವಾರ

ಮೂಕಾಂಬಿಕಾಳ ಅಂಗಳದಲ್ಲಿ ಚಾಪೆ ಹಾಸಿತ್ತು. ಬಂಗಾರಿ ಚಾಪೆಯ ಮೇಲಿರಲಿಲ್ಲ, ತುಳಸಿಕಟ್ಟೆಯ ಆಚೆ ನೆಲದ ಮೇಲೆ ಕೂತಿದ್ದಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

"ದೇವರಾಜಣ್ಣ, ಇದು ಹೆಂಗಸ್ರ ಮೀಟಿಂಗು" ಎಂದಳು ಮೂಕಾಂಬಿಕಾ.

"ಗೊತ್ತದೆ. ಎರಡು ಮಾತು ಹೇಳಿ ಹೋಗ್ತೆ." ಚಾಪೆಯ ಅಂಚಿನಲ್ಲಿ ನಿಂತೆ. "ಎಳೆಗಾಯಿಗೆ ಬೆರಳು ತೋರಿಸಿದ್ದು ನಾನು. ಹನ್ನೊಂದು ಹಿತ್ತಲಿಗೂ. ಬೇಲಿ ಹೊರಗೆ ನಿಂತು ಎಣಿಸ್ದೆ, ಬಸ್ಸಲ್ಲಿ ಎಣಿಸಿದ ಹಾಗೆ."

ಯಾರೋ ನಕ್ಕರು. ಬಂಗಾರಿಗೆ ಸಹಾಯ ಮಾಡಲು ಕಟ್ಟಿದ ಕತೆ ಎಂದುಕೊಂಡಿರಬೇಕು.

"ನಮ್ಮನೆ ಸೋರೆಗೂ?" ಎಂದಳು ಕಲ್ಪನಾ, ಓರೆಯಾಗಿ ನೋಡುತ್ತ.

"ಎಂಟಿತ್ತು. ಒಂದು ಬಾವಿ ಕಟ್ಟೆ ಮೇಲೆ ಮಲಗಿತ್ತು."

 "ನಮ್ಮ ಪಡವಲ?" ಎಂದಳು ವಿನುತಾ. "ಹದಿನಾಲ್ಕು. ಎರಡಕ್ಕೆ ಕಲ್ಲು ಕಟ್ಟಿದ್ರಿ, ನೆಟ್ಟಗೆ ಬರ್ಲಿ ಅಂತ." ಮೂಕಾಂಬಿಕಾ ಏನೂ ಕೇಳುವ ಮೊದಲೇ "ಹೀರೆ ಮೂವತ್ತೊಂದು" ಎಂದೆ. ಈಗ ಯಾರೂ ನಗುತ್ತಿರಲಿಲ್ಲ. ಒಬ್ಬೊಬ್ಬರೂ ಒಂದೊಂದು ಹೇಳಿ ಬೈದರು. ಮರ್ಯಾದೆ ಇಲ್ಲದವನು, ವಯಸ್ಸಾದದ್ದು ಕೂದಲಿಗೆ ಮಾತ್ರ, ಇನ್ನು ಬೇಲಿ ಹತ್ತಿರ ಕಂಡರೆ ನಾಯಿ ಬಿಡುತ್ತೇವೆ. ಎಲ್ಲ ನಿಂತು ಕೇಳಿದೆ. ಬೆರಳಿನಿಂದ ಕಾಯಿ ಕೊಳೆಯುವುದಿಲ್ಲ ಎಂದು ಆ ಅಂಗಳದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಹೇಳಲಿಲ್ಲ.

ಬಂಗಾರಿಯೇ ಮಾರಲಿ, ಬಂಗಾರಿಯೇ ಕೊಯ್ಯಲಿ ಎಂದು ಮೂಕಾಂಬಿಕಾ ಹೇಳಿದಳು. ಎಲ್ಲರೂ ಕೈ ಎತ್ತಿದರು. "ಬಾ, ಚಾಪೆ ಮೇಲೆ ಕೂತ್ಕ" ಎಂದು ಯಾರೋ ಜಾಗ ಬಿಟ್ಟರು.

ಬಂಗಾರಿ ಏಳಲಿಲ್ಲ. "ಬೆರಳು ಕಂಡಕ್ಟರಣ್ಣಂದು. ಆತು" ಎಂದಳು. "ನನ್ನ ಹೆಸ್ರು ಮೊದ್ಲು ಹೇಳಿದ್ದು ಯಾರು?"

ಮೂಕಾಂಬಿಕಾ ಚಾಪೆಯ ನೂಲು ಕೀಳುತ್ತ ಕೂತಳು. ಬೇಕಿದ್ದರೆ ನನ್ನತ್ತ ನೋಡಬಹುದಿತ್ತು, ನೋಡಲಿಲ್ಲ. ನಾನು ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಅದೂ ನಾನೇ" ಎಂದೆ.

ಬಂಗಾರಿ ಸೆರಗು ಕೊಡವಿ ಎದ್ದಳು. "ಮನೇಲಿ ಅವ್ರಿಗೆ ಗಂಜಿ ಹಾಕೂಕದೆ" ಎಂದು ಹೋದಳು. ನನ್ನ ಪಕ್ಕದಿಂದಲೇ ಹೋದಳು. ನನ್ನ ಮುಖ ನೋಡಲಿಲ್ಲ.

ಜನವರಿ ೨೧, ಮಂಗಳವಾರ

ಬರಲಿಲ್ಲ. ಯಾರ ಮನೆಗೂ ಹೋಗಲಿಲ್ಲವಂತೆ. ಬಲಿತ ಕಾಯಿ ಬಳ್ಳಿಯಲ್ಲೇ ಇದೆ.

ಜನವರಿ ೨೮, ಮಂಗಳವಾರ

ಕೊಳೆ ನಿಂತಿದೆ. ನಮ್ಮ ಹಿತ್ತಲಲ್ಲಿ ಹೊಸ ಹೀಚು ಒಂದೂ ಕೆಟ್ಟಿಲ್ಲ. ಬಾಟಲಿಯಲ್ಲಿ ನಾನೇ ಮಾಡಿದ ಡಬ್ಬಿ ಎಂಟಾಯಿತು, ನಾಲ್ಕನ್ನು ವಿನುತಾಳ ಮನೆಗೆ ಕೊಟ್ಟೆ. ಕಂಡಕ್ಟರಣ್ಣ ಬೆರಳು ಮಡಚಿದ ಮೇಲೆ ಎಲ್ಲ ಸರಿಯಾಯಿತು ಎಂದು ಊರು ಹೇಳುತ್ತದೆ. ಹೇಳಲಿ.

ಇಳಿಹೊತ್ತಿಗೆ ಬಂಗಾರಿ ಬಂದಳು. ಬೇಲಿಬಾಗಿಲಿನ ದಣಪೆಯ ಹೊರಗೇ ನಿಂತಳು, ಬುಟ್ಟಿ ಕೆಳಗಿಟ್ಟು. ಮಾಲತಿ ಒಳಗೆ ಕರೆದಳು. ಬರಲಿಲ್ಲ.

"ನಿಮ್ಮ ಹಿತ್ತಲೊಳಗೆ ನಾ ಬರೂದಿಲ್ಲ ಮಾಲತಕ್ಕ. ಬೇಜಾರ ಮಾಡ್ಕಳಬೇಡಿ. ಕೊಯ್ದು ಇಲ್ಲಿಗೆ ತಂದಿಡಿ."

ನಾನೇ ಕೊಯ್ದೆ. ಹದ ಗೊತ್ತಾಗದೆ ತಟ್ಟಿ ತಟ್ಟಿ ನೋಡಿದೆ. ದಣಪೆಯ ಹತ್ತಿರ ತಂದು ಅವಳ ಬುಟ್ಟಿಗೆ ಸುರಿಯಲು ಹೋದೆ.

"ಹಾಂಗೆ ಹಾಕೂದಲ್ಲ. ಎಣಿಸಿ" ಎಂದಳು.

"ಬೇಡ ಬಂಗಾರಿ. ನಂಬಿಕೆ ಅದೆ."

"ನಿಮಗದೆ. ನಂಗಿಲ್ಲ" ಎಂದಳು. "ನಾಳೆ ಇನ್ನೊಂದು ಮಾತು ಬಂದ್ರೆ ಹೊರೂ ಶಕ್ತಿ ನಂಗಿಲ್ಲ. ಎಣಿಸಿ, ಕೇಳೂ ಹಂಗೆ."

ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಕಾಯಿ ಎರಡೂ ಕೈಯಲ್ಲಿ ಎತ್ತಿ ಅವಳ ಬುಟ್ಟಿಗೆ ಇಡುತ್ತ ಎಣಿಸಿದೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಹದಿನೇಳು. ಇನ್ನೊಂದು ಸಲ ಎಂದಳು. ಎಲ್ಲವನ್ನೂ ಹೊರಗೆ ತೆಗೆದು ಮತ್ತೆ ಎಣಿಸಿದೆ. ಹನ್ನೆರಡಕ್ಕೆ ಬಂದಾಗ ನಿಲ್ಲಿಸಬೇಕಾಯಿತು. ಅವಳು ಕಾದಳು. ಹದಿನೇಳೇ ಇತ್ತು.

ಇನ್ನು ಪ್ರತಿ ಮಂಗಳವಾರವೂ ಎಣಿಸಿಯೇ ಕೊಡಬೇಕಂತೆ.